ಮಗಳನ್ನೇ ಔಟ್ ಕೊಟ್ಟ ಮೇಷ್ಟ್ರು

ದೊಡ್ಡಬೆಳವಂಗಲ
25-7-2023

ಚಿ. ಸೌ. ಅಕ್ಷತಳಿಗೆ ಅಪ್ಪನ ಆಶೀರ್ವಾದ.

ಕಾಗದ ನೋಡಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮೊಣಕಾಲು ನೋವು ಇದ್ದ ಹಾಗೇ ಇದೆ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು, ದಿನಾ ಸಂಜೆ ಅರ್ಧ ಗಂಟೆ ಫೋನಿನಲ್ಲಿ ಅದರದೇ ಪುರಾಣ. ನಾನು ಪಕ್ಕದ ಕುರ್ಚಿಯಲ್ಲೇ ಇರುತ್ತೇನೆ. "ಅಪ್ಪಂಗೆ ಕೊಡ್ಲಾ?" ಎಂದು ಅವಳು ನಿನ್ನನ್ನು ಕೇಳುವುದು ಬಿಟ್ಟು ಎಷ್ಟು ವರ್ಷವಾಯಿತೋ. ಅದಕ್ಕೇ ಅಂಚೆ ಕಚೇರಿಯಿಂದ ಹತ್ತು ಕವರು ತಂದೆ. ಕೊಡುವವನು, "ಇನ್ನೂ ಕಾಗ್ದ ಬರೆಯೋರು ಇದೀರಾ ಮೇಷ್ಟ್ರೇ?" ಎಂದು ನಕ್ಕ.

ಇಲ್ಲಿ ಜಿಟಿಜಿಟಿ ಮಳೆ. ಕಬಡ್ಡಿ ಅಂಕಣದಲ್ಲಿ ಎಮ್ಮೆ ಹೊರಳಾಡುವಷ್ಟು ಕೆಸರು. ಹುಡುಗರೆಲ್ಲ ರಾಗಿ ಬಿತ್ತನೆಗೆ ಹೋಗಿದ್ದಾರೆ. ದಸರಾ ಹತ್ತಿರ ಬರುವ ತನಕ ಈ ಸೀಮೆಯಲ್ಲಿ ಯಾರೂ ತೊಡೆ ತಟ್ಟುವುದಿಲ್ಲ. ವಿಸಿಲ್ ಊದಲು ಕೆಲಸವಿಲ್ಲದೆ ನಾನು ಮನೆಯಲ್ಲಿ ಕೂತು ನಿನ್ನಮ್ಮನ ಅಡುಗೆಗೆ ತೀರ್ಪು ಕೊಡುತ್ತಿದ್ದೇನೆ. ಅಲ್ಲಿ ನನ್ನ ಮಾತು ನಡೆಯುವುದಿಲ್ಲ.

ನಿನ್ನೆ ಊಟವಾದ ಮೇಲೆ ಟಿವಿ ಹಾಕಿದರೆ ಹೆಂಗಸರ ಫುಟ್‌ಬಾಲ್ ವಿಶ್ವಕಪ್ಪು ಬರುತ್ತಿತ್ತು. ಜರ್ಮನಿಗೂ ಮೊರಾಕೊ ಎಂಬ ದೇಶಕ್ಕೂ. ಮೊರಾಕೊದ ಹುಡುಗಿಯರು ವಿಶ್ವಕಪ್ಪಿಗೆ ಬಂದಿರುವುದು ಇದೇ ಮೊದಲ ಸಲವಂತೆ. ಆರು ಗೋಲು ತಿಂದರು, ಒಂದೂ ಹೊಡೆಯಲಿಲ್ಲ. ಆದರೂ ಕೊನೆಯ ನಿಮಿಷದ ತನಕ ಓಡಿದರು. ಮೂವತ್ತೆರಡು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನ ಫುಟ್‌ಬಾಲ್ ಜ್ಞಾನ ಕೇಳಿದರೆ ನಗುತ್ತೀಯ. ಹುಡುಗರ ಮುಂದೆ ಚೆಂಡು ಎಸೆದು, "ಆಡ್ಕೊಳ್ರೋ" ಎಂದು ಹೊಂಗೆ ಮರದ ನೆರಳಿಗೆ ಹೋಗುತ್ತಿದ್ದೆ, ಅಷ್ಟೇ. ಆಫ್‌ಸೈಡ್ ಎಂದರೇನೆಂದು ಈಗಲೂ ಗೊತ್ತಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇಲ್ಲ. ಯಾರು ಸರಿ, ಯಾರು ತಪ್ಪು ಎಂದು ನಾನು ಹೇಳಬೇಕಾಗಿಲ್ಲ, ಸುಮ್ಮನೆ ನೋಡಿದರೆ ಸಾಕು. ಬಹಳ ದಿನದ ಮೇಲೆ ಹಾಯೆನಿಸಿತು.

ಬೇರೊಂದು ವಿಷಯ ಬರೆಯಬೇಕೆಂದೇ ಪೆನ್ನು ಹಿಡಿದೆ. ನಾನು ನಿನ್ನನ್ನು ಔಟ್ ಕೊಟ್ಟ ಆಟ ಮುಗಿದು ಹದಿನಾಲ್ಕು ವರ್ಷವಾಯಿತು. ಅದರ ಬಗ್ಗೆ ನಾವಿಬ್ಬರೂ ಒಂದು ಸಲವೂ ಮಾತಾಡಿಲ್ಲ. ಹೇಗೆ ಶುರುಮಾಡಬೇಕೋ ಗೊತ್ತಾಗದೆ ಫುಟ್‌ಬಾಲ್ ಬರೆದೆ. ಅಳಿಯಂದಿರನ್ನೂ ಮೊಮ್ಮಗಳು ಚಂದನಳನ್ನೂ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ತಂದೆ
ಆದಿನಾರಾಯಣಪ್ಪ

*

ಸಮೇತನಹಳ್ಳಿ
31-7-2023

ಅಪ್ಪ,

ಕಾಗದ ಬಂತು. ನಾವು ಕ್ಷೇಮ.

ನೀವು ಮಾತು ಎಂದು ಬರೆದಿದ್ದೀರಿ. ನಾನು ಮಾತು ಬಿಟ್ಟಿಲ್ಲ. ಊರಿಗೆ ಬಂದಾಗಲೆಲ್ಲ "ಊಟ ಆಯ್ತಾ" ಅಂತೀನಿ, ನೀವು "ಆಯ್ತು" ಅಂತೀರಿ. ಮತ್ತೆ ಏನು ಮಾತಾಡಬೇಕು?

ಇಲ್ಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅರಳಿಕಟ್ಟೆಯ ಮೇಲಿನ ಒಬ್ಬ ಅಜ್ಜ, "ನೀನು ದೊಡ್ಡಬೆಳವಂಗಲದ ಮೇಷ್ಟ್ರ ಮಗಳಲ್ವಾ? ನಿಮ್ಮಪ್ಪ ಧರ್ಮರಾಯ ಕಣವ್ವಾ. ನಿನ್ನ ಔಟ್ ಕೊಟ್ಟಿದ್ದಕ್ಕೇ ನಮ್ ಹೊಸಕೋಟೆ ಗೆದ್ದಿದ್ದು" ಎಂದರು. ನಾನು ಹೂಂ ಎಂದೆ. ಈಗಲೂ ಯಾರಾದರೂ ಹೇಳಿದರೆ ಹೂಂ ಎನ್ನುತ್ತೇನೆ. ಸಿಟ್ಟೂ ಬರುವುದಿಲ್ಲ, ಬೇಜಾರೂ ಆಗುವುದಿಲ್ಲ. ಬೇರೆ ಯಾರದೋ ಕಥೆ ಕೇಳಿದ ಹಾಗಿರುತ್ತದೆ.

ಮೊರಾಕೊ ನಿನ್ನೆ ಕೊರಿಯಾ ಮೇಲೆ ಗೆದ್ದಿತು. ಚಂದನ ಫೋನಿನಲ್ಲಿ ನೋಡುತ್ತಿದ್ದಳು. ನೀವು ನೋಡಿದಿರೋ ಇಲ್ಲವೋ ಎಂದು ಬರೆದೆ.

ಅಕ್ಷತ

*

ದೊಡ್ಡಬೆಳವಂಗಲ
4-8-2023

ಪ್ರೀತಿಯ ಅಕ್ಷತಳಿಗೆ,

ನೋಡದೆ ಇರುತ್ತೇನೆಯೇ! ನಿನ್ನೆಯದನ್ನೂ ನೋಡಿದೆ. ಕೊಲಂಬಿಯಾ ಮೇಲೆ ಒಂದು ಗೋಲು ಹೊಡೆದು ಗೆದ್ದರು. ಗೆದ್ದರೂ ಕುಣಿಯುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಬೇರೊಂದು ಊರಲ್ಲಿ ಜರ್ಮನಿಗೂ ಕೊರಿಯಾಕ್ಕೂ ನಡೆಯುತ್ತಿದ್ದ ಆಟ ಇನ್ನೂ ಮುಗಿದಿರಲಿಲ್ಲ. ಅಲ್ಲಿ ಜರ್ಮನಿ ಗೆದ್ದುಬಿಟ್ಟರೆ ಇವರು ಮನೆಗೆ. ಹುಡುಗಿಯರೆಲ್ಲ ಮೈದಾನದ ನಡುವೆ ಗುಂಪುಕಟ್ಟಿ ಒಂದು ಫೋನಿನ ಮೇಲೆ ಬಗ್ಗಿ ನಿಂತರು. ನಾನೂ ನಿಂತೆ. ನಿನ್ನಮ್ಮ ಕಾಫಿ ತಂದಿಟ್ಟಳು, ಅದು ತಣ್ಣಗಾಯಿತು. ಜರ್ಮನಿ ಗೆಲ್ಲಲಿಲ್ಲ. ಮೊರಾಕೊ ಮುಂದಿನ ಸುತ್ತಿಗೆ ಹೋಯಿತು. ಆರು ಗೋಲು ತಿಂದವರು!

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಭಾನುಪ್ರಕಾಶ ಮನೆಗೆ ಬಂದಿದ್ದ. ನಿನ್ನ ಜೊತೆ ಓದಿದವನು, ಈಗ ನಮ್ಮ ಯುವಕ ಸಂಘದ ಅಧ್ಯಕ್ಷ. ಆಗಸ್ಟ್ ಹದಿನೈದಕ್ಕೆ ಧ್ವಜಾರೋಹಣವಾದ ಮೇಲೆ ಹೈಸ್ಕೂಲ್ ಮೈದಾನದಲ್ಲಿ ನನಗೆ ಸನ್ಮಾನವಂತೆ. ಕರಪತ್ರಕ್ಕೆ ಬರೆದದ್ದನ್ನು ಓದಿ ತೋರಿಸಿದ: 'ಸ್ವಂತ ಮಗಳೆಂದೂ ನೋಡದೆ ಔಟ್ ಕೊಟ್ಟ ನಿಷ್ಪಕ್ಷಪಾತ ತೀರ್ಪುಗಾರರು.' ಮೈಕಿನಲ್ಲಿ ಹೇಗೆ ಹೇಳುತ್ತೇನೆಂದು ನನ್ನ ಎದುರಿಗೇ ನಿಂತು ಹೇಳಿ ತೋರಿಸಿದ.

"ಎರಡು ಸಾವಿರದ ಒಂಬತ್ತು. ಜಿಲ್ಲಾ ಫೈನಲ್. ನಮ್ಗೂ ಹೊಸಕೋಟೆಗೂ ಸಮಸಮ. ಗೆದ್ದ ಟೀಮೇ ರಾಜ್ಯಮಟ್ಟಕ್ಕೆ. ಬರಬೇಕಾಗಿದ್ದ ತೀರ್ಪುಗಾರ ಬರಲಿಲ್ಲ, ಎರಡೂ ಕಡೆಯೋರು ನಮ್ ಮೇಷ್ಟ್ರೇ ಆಗ್ಲಿ ಅಂದ್ರು. ಕೊನೇ ರೈಡಿಗೆ ಹೋಗಿದ್ದು ಯಾರು? ಮೇಷ್ಟ್ರ ಮಗಳು ಅಕ್ಷತ! ಕಾಲು ಜಾರಿ ಪಕ್ಕದ ಲಾಬಿ ಪಟ್ಟೆಗೆ ಹೋಯ್ತು. ಎದುರಾಳೀನ ಮುಟ್ಟಿದ ಮೇಲೆ ಲಾಬಿಗೆ ಕಾಲಿಟ್ರೆ ಪಾಯಿಂಟು, ಮುಟ್ಟೋಕ್ ಮುಂಚೆ ಇಟ್ರೆ ಔಟು. ಅಕ್ಷತ 'ಟಚ್ ಸಾರ್' ಅಂದ್ಲು. ಹೊಸಕೋಟೆಯವಳು ಇಲ್ಲ ಅಂದ್ಲು. ಮೇಷ್ಟ್ರು ಏನ್ ಮಾಡಿದ್ರು? ವಿಸಿಲ್ ಊದಿ ಔಟ್ ಅಂದ್ರು!"

ಅವನು ಹೇಳುತ್ತಿದ್ದರೆ ನನಗೆ ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಹಿಡಿದು ಎತ್ತಿಟ್ಟ ಹಾಗಿತ್ತು. ಸರಿ ಕಣಪ್ಪಾ ಎಂದೆ. ನೀನೂ ವೇದಿಕೆಯ ಮೇಲೆ ನನ್ನ ಪಕ್ಕ ಕೂರಬೇಕೆಂಬುದು ಅವನ ಆಸೆ. ನಾನೇ ಕೇಳುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಬರುತ್ತೀಯಾ?

ನಿನ್ನ
ಅಪ್ಪ

*

ಸಮೇತನಹಳ್ಳಿ
8-8-2023

ಅಪ್ಪ,

ಬರುವುದಿಲ್ಲ.

ಭಾನುಪ್ರಕಾಶ ಹೇಳಿದ್ದರಲ್ಲಿ ಎಲ್ಲವೂ ಇದೆ. ನಾನು ಹೇಳಿದ್ದು ಇದೆ, ಆ ಹುಡುಗಿ ಹೇಳಿದ್ದು ಇದೆ. ನೀವು ಎರಡು ಮಾರು ದೂರದಲ್ಲಿ ಬಗ್ಗಿ ನಿಂತಿದ್ದಿರಿ. ನೀವು ನೋಡಿದ್ದೇನು ಎಂಬುದು ಮಾತ್ರ ಅದರಲ್ಲಿ ಇಲ್ಲ. ಹದಿನಾಲ್ಕು ವರ್ಷದಲ್ಲಿ ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಅವತ್ತು ನೀವು ಏನು ನೋಡಿದಿರಿ?

ಫುಟ್‌ಬಾಲ್ ಬರೆಯುವುದಾದರೆ ಬರೆಯಿರಿ, ಚಂದನಳಿಗೆ ಓದಿ ಹೇಳುತ್ತೇನೆ. ಆದರೆ ಇದಕ್ಕೂ ಉತ್ತರ ಬೇಕು.

ಅಕ್ಷತ

*

ದೊಡ್ಡಬೆಳವಂಗಲ
11-8-2023

ಅಕ್ಷತ,

ನಿನ್ನ ಕಾಗದ ಇಂದು ಬೆಳಿಗ್ಗೆ ಬಂತು.

ಮೊರಾಕೊ ಫ್ರಾನ್ಸ್ ಕೈಲಿ ನಾಲ್ಕು ಗೋಲು ತಿಂದು ಊರಿಗೆ ಹೋಯಿತು. ಕಳೆದ ಭಾನುವಾರ ಸ್ವೀಡನ್ ಮತ್ತು ಅಮೆರಿಕದ ಆಟ ಪೆನಾಲ್ಟಿ ತನಕ ಹೋಯಿತು. ಕೊನೆಯ ಹೊಡೆತವನ್ನು ಅಮೆರಿಕದ ಗೋಲ್‌ಕೀಪರ್ ತಡೆದಳು, ಚೆಂಡು ಮೇಲೆ ಹಾರಿತು, ಬೀಳುವಾಗ ಮತ್ತೆ ಕೈಯಲ್ಲಿ ಹೊರಕ್ಕೆ ತಳ್ಳಿದಳು. ತಡೆದೆ ಎಂದೇ ಅವಳೂ ಹೇಳಿದಳು, ನಾನೂ ಹಾಗೇ ಅಂದುಕೊಂಡೆ. ಯಂತ್ರ ನೋಡಿ ಗೋಲು ಎಂದಿತು. ಗೆರೆಯಿಂದ ಕೂದಲೆಳೆಯಷ್ಟು ಒಳಗೆ ಹೋಗಿತ್ತಂತೆ. ರೆಫ್ರಿ ಹೆಂಗಸು ತನ್ನ ಕಣ್ಣಿಗೆ ಏನು ಕಂಡಿತು ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಪುಣ್ಯವಂತೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎರಡು ಹಾಳೆ ಹರಿದೆ. ಆಮೇಲೆ ಬರೆಯುತ್ತೇನೆ.

ಅಪ್ಪ

*

ದೊಡ್ಡಬೆಳವಂಗಲ
16-8-2023

ಅಕ್ಷತ,

ಕಾಗದದಲ್ಲಿ ಬರೆಯಲಾಗದ್ದನ್ನು ನಿನ್ನೆ ಮೈಕಿನಲ್ಲಿ ಹೇಳಿಬಿಟ್ಟೆ.

ಧ್ವಜ ಹಾರಿಸಿದ್ದಾಯಿತು, ಮಕ್ಕಳಿಗೆ ಬೂಂದಿ ಹಂಚಿದ್ದಾಯಿತು. ಭಾನುಪ್ರಕಾಶ ಕಥೆ ಹೇಳಿ, "ಮೇಷ್ಟ್ರು ಎರಡು ಮಾತಾಡ್ತಾರೆ" ಎಂದು ಮೈಕ್ ಕೊಟ್ಟ. ಥ್ಯಾಂಕ್ಸ್ ಹೇಳಿ ಕೂರುವುದೆಂದೇ ಎದ್ದವನು ನಾನು. ಬಾಯಿಂದ ಬಂದದ್ದು ಬೇರೆ.

"ಅವತ್ತು ನನ್ ಮಗಳು ಮುಟ್ಟಿದ್ಲು. ಆ ಹುಡುಗಿ ಮುಂಗೈಗೆ ಇವಳ ಎರಡು ಬೆರಳು ತಾಗಿದ್ದನ್ನ ಕಣ್ಣಾರೆ ನೋಡ್ದೆ. ಆಮೇಲೆ ಕಾಲು ಲಾಬಿಗೆ ಹೋಗಿದ್ದು. ಪಾಯಿಂಟ್ ಕೊಟ್ರೆ ಮಗಳ ಕಡೆ ವಾಲಿದ ಅಂತ ಜನ ಅಂತಾರಲ್ಲ, ಆ ಭಯಕ್ಕೆ ಔಟ್ ಕೊಟ್ಟೆ. ಬೇರೆ ಯಾರ ಮಗಳಾಗಿದ್ರೂ ಪಾಯಿಂಟ್ ಕೊಡ್ತಿದ್ದೆ. ಇದು ನಿಷ್ಪಕ್ಷಪಾತ ಅಲ್ಲ ಕಣ್ರಪ್ಪಾ. ಹೇಡಿತನ."

ಇಷ್ಟೇ ಹೇಳಿದ್ದು. ಈಗ ಯಾರಾದರೂ ಎದ್ದು ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದು ಆಸೆಯೂ ಇತ್ತು. ಚಪ್ಪಾಳೆ ತಟ್ಟಿದರು, ಅಕ್ಷತ. ಎದ್ದು ನಿಂತು ತಟ್ಟಿದರು. ಭಾನುಪ್ರಕಾಶ ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, "ನೋಡ್ರಪ್ಪಾ! ತಪ್ಪನ್ನ ಹಿಂಗೆ ಎಲ್ರೆದುರು ಒಪ್ಕೊಳ್ಳೋ ಮೇಷ್ಟ್ರು ಈ ಜಿಲ್ಲೆನಲ್ಲಿ ಇನ್ನೊಬ್ರು ಇದ್ರೆ ತೋರಿಸ್ರಿ!" ಎಂದ. ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಹಾಕಿಕೊಂಡೇ ಮನೆಗೆ ಬಂದೆ. ನಿನ್ನಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. "ಅವಳಿಗೆ ಹೇಳಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆಯಲಿಲ್ಲ.

ನಿನಗೆ ಹೇಳುವ ಮೊದಲು ಊರಿಗೆ ಹೇಳಿದ್ದು ಎರಡನೇ ತಪ್ಪು ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಎದೆ ಹಗುರಾಗುತ್ತದೆ ಎಂದು ಬಹಳ ವರ್ಷದಿಂದ ಅಂದುಕೊಂಡಿದ್ದೆ. ಆಗಲಿಲ್ಲ. ಏನೂ ಆಗಲಿಲ್ಲ.

ನಿನ್ನ ತಂದೆ
ಆದಿನಾರಾಯಣಪ್ಪ

*

ಸಮೇತನಹಳ್ಳಿ
22-8-2023

ಅಪ್ಪ,

ನಿಮ್ಮ ಕಾಗದಕ್ಕಿಂತ ಮೊದಲು ವಿಡಿಯೊ ಬಂತು. ಹದಿನೈದನೇ ತಾರೀಕು ಮಧ್ಯಾಹ್ನವೇ. ನಿಮ್ಮ ಅಳಿಯ ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಮೂರು ಸಲ ನೋಡಿದೆ. ಅಳು ಬರುತ್ತದೆಂದು ಬಾಗಿಲು ಹಾಕಿಕೊಂಡು ಕಾದೆ. ಬರಲಿಲ್ಲ. ಎದ್ದು ಸಾರಿಗೆ ಒಗ್ಗರಣೆ ಹಾಕಿದೆ.

ನೀವು ಹೇಳಿದ್ದು ನನಗೆ ಹೊಸದಲ್ಲ. ಮುಟ್ಟಿದ್ದು ನನ್ನ ಬೆರಳು, ನನಗೆ ಗೊತ್ತಿತ್ತು. ನೀವು ನೋಡಿದ್ದೂ ಗೊತ್ತಿತ್ತು. ಊದುವ ಮೊದಲು ತಲೆ ಎತ್ತಿ ಜನರ ಕಡೆ ನೋಡಿದಿರಿ. ಕಣ್ಣಿಗೆ ಕಾಣದೆ ಇದ್ದವರು ಹಾಗೆ ನೋಡುವುದಿಲ್ಲ.

ಅಳು ಬಂದದ್ದು ಬೇರೆ ದಿನ. ಆಗಸ್ಟ್ ಮೂರನೇ ತಾರೀಕು ಸಂಜೆ ಅಮ್ಮ ಫೋನಿನಲ್ಲಿ ನಗುತ್ತಾ ಹೇಳಿದಳು, "ನಿಮ್ಮಪ್ಪಂಗೆ ಹುಚ್ಚು ಹಿಡಿದದೆ ಕಣೇ. ಯಾವ್ದೋ ದೇಶದ ಹುಡ್ಗೀರಿಗೆ ಟಿವಿ ಮುಂದೆ ಎದ್ದು ನಿಂತ್ಕೊಂಡು, 'ಓಡೇ ತಾಯಿ, ಓಡೇ' ಅಂತ ಕೂಗ್ತವ್ರೆ. ಅವ್ರು ಗೆದ್ರು ಅಂತ ಕಣ್ಣೊರೆಸ್ಕೊಂಡ್ರು." ಫೋನ್ ಇಟ್ಟು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟು ಅತ್ತೆ. ಮೊರಾಕೊ ಹುಡುಗಿಯರ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು.

ಏಳನೇ ಕ್ಲಾಸಿನಿಂದ ಪಿಯುಸಿ ತನಕ ನಾನು ಆಡಿದ ಎಲ್ಲ ಆಟದಲ್ಲೂ ನೀವು ಇದ್ದಿರಿ. ಅಂಕಣದಲ್ಲಿ ನಿಮ್ಮನ್ನು ಸಾರ್ ಎನ್ನಬೇಕಿತ್ತು, ಎಂದೆ. ಬೇರೆ ಹುಡುಗಿಯರ ಅಪ್ಪಂದಿರು ಕಾಂಪೌಂಡ್ ಮೇಲೆ ಕೂತು ಟವಲ್ ಬೀಸುತ್ತಿದ್ದರು, ನಮ್ಮವಳೇ ಗೆದ್ದಳು ಎಂದು ಸುಳ್ಳು ಜಗಳ ತೆಗೆಯುತ್ತಿದ್ದರು. ನೀವು ಗೆರೆಯ ಹತ್ತಿರ ಬಗ್ಗಿ ನಿಂತು ನನ್ನ ಕಾಲು ನೋಡುತ್ತಿದ್ದಿರಿ. ನನ್ನ ಆಟದಲ್ಲಿ ನೀವು ಕಾಲು ಬಿಟ್ಟು ಬೇರೇನನ್ನೂ ನೋಡಲಿಲ್ಲ, ಅಪ್ಪ. ಅವತ್ತು ನಿಮ್ಮನ್ನು ಊದಲು ಕರೆದಾಗ, "ನನ್ ಮಗಳು ಆಡ್ತವ್ಳೆ, ನಾನು ಕೂತ್ಕೊಂಡು ನೋಡ್ತೀನಿ, ಬೇರೆಯೋರ್ನ ಕರೀರಿ" ಎಂದಿದ್ದರೆ ಸಾಕಿತ್ತು. ಸೋತಿದ್ದರೂ ಚಿಂತೆಯಿರಲಿಲ್ಲ. ಔಟ್ ಕೊಟ್ಟದ್ದು ನನಗೆ ಆಮೇಲಿನ ನೋವು.

ಮೊನ್ನೆ ಭಾನುವಾರ ಫೈನಲ್ ನೋಡಿದೆವು. ಚಂದನ ಇಂಗ್ಲೆಂಡ್ ಕಡೆ, ನಾನು ಸ್ಪೇನ್ ಕಡೆ. ಗೆದ್ದೆ. ಒಂದು ತಿಂಗಳು ಯಾರದೋ ಆಟ ನೋಡಿ ನೋಡಿ ನನ್ನ ಕೈಕಾಲಿಗೂ ಏನೋ ಆಯಿತು. ಇಲ್ಲಿಯ ಸ್ತ್ರೀಶಕ್ತಿ ಸಂಘದವರನ್ನು ಸೇರಿಸಿ ಒಂದು ತಂಡ ಕಟ್ಟಿದ್ದೇನೆ. ಒಬ್ಬರಿಗೆ ನಲವತ್ತಾರು ವರ್ಷ, ಇಬ್ಬರಿಗೆ ಬಿ.ಪಿ. ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ ಹೊಸಕೋಟೆಯಲ್ಲಿ ತಾಲ್ಲೂಕು ದಸರಾ ಕ್ರೀಡಾಕೂಟ. ತೀರ್ಪುಗಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ತೆಗೆಸಿ. ಬರುವುದಾದರೆ ಬನ್ನಿ. ಬಂದರೆ ಕೂತು ನೋಡಿ.

ಅಕ್ಷತ

*

ದೊಡ್ಡಬೆಳವಂಗಲ
25-9-2023

ಅಕ್ಷತ, ಮಗಳೇ,

ನಿನ್ನೆ ಆಟ ಮುಗಿದ ಕೂಡಲೇ ಹೊರಟುಬಿಟ್ಟೆ, ಒಂದು ಮಾತೂ ಆಡಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಅಳಿಯಂದಿರಿಗೆ ಹೇಳಿದ್ದು ಸುಳ್ಳು. ನಿನ್ನ ಎದುರಿಗೆ ನಿಲ್ಲಲು ಆಗಲಿಲ್ಲ, ಅದು ನಿಜ.

ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಹೋಗಿ ಹೊಡೆದು ಹಾಕಿಸಿದೆ. "ಯಾಕ್ ಸಾರ್, ಹುಷಾರಿಲ್ವಾ?" ಎಂದರು. "ನನ್ ಮಗಳು ಆಡ್ತಾಳೆ" ಎಂದೆ. ಅಷ್ಟು ಸಣ್ಣ ಮಾತು. ಹದಿನಾಲ್ಕು ವರ್ಷದ ಹಿಂದೆ ಅದು ಯಾಕೆ ಬಾಯಿಗೆ ಬರಲಿಲ್ಲವೋ.

ಮೆಟ್ಟಿಲ ಮೇಲೆ ಜನರ ನಡುವೆ ಕೂತೆ. ಕಾಲು ನೋಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ. ಕಣ್ಣು ಹಳೆಯ ಚಾಳಿಗೆ ಗೆರೆಯ ಕಡೆಗೇ ಹೋಗುತ್ತಿತ್ತು, ಎಳೆದು ಎಳೆದು ನಿನ್ನ ಮುಖದ ಮೇಲೆ ಇಟ್ಟೆ. ರೈಡಿಗೆ ಹೋಗುವ ಮುನ್ನ ನೀನು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೀಯ. ಪಕ್ಕದಲ್ಲಿದ್ದ ಚಂದನಳನ್ನು, ಇದನ್ನು ಯಾವಾಗ ಕಲಿತಳು ಎಂದು ಕೇಳಿದೆ. "ಅಮ್ಮ ಸ್ಕೂಲಿಂದ್ಲೂ ಹಂಗೇ ಮಾಡ್ತಿದ್ರಂತೆ ತಾತ" ಎಂದಳು. ಕಬಡ್ಡಿ ಕಬಡ್ಡಿ ಎನ್ನುವಾಗ ನಿನ್ನ ದನಿ ನಮ್ಮಮ್ಮನ ದನಿಯ ಹಾಗೇ ಇದೆ. ಇದು ಯಾವುದೂ ನನಗೆ ಗೊತ್ತಿರಲಿಲ್ಲ.

ಒಂದು ಪಾಯಿಂಟ್ ಹಿಂದಿದ್ದಿರಿ. ಕೊನೆಯ ರೈಡಿಗೆ ನೀನು ಹೋದೆ. ಮೂಲೆಯ ಹುಡುಗಿಯ ಕಡೆ ಕೈ ಚಾಚಿದೆ, ಅವಳು ಹಿಂದಕ್ಕೆ ಜಿಗಿದಳು, ನೀನು ಗೆರೆಗೆ ವಾಪಸ್ಸು ಬಂದು ಕೈ ಎತ್ತಿದೆ. ತೀರ್ಪುಗಾರ ತಲೆ ಅಲ್ಲಾಡಿಸಿದ. ಪಾಯಿಂಟ್ ಇಲ್ಲ, ಆಟ ಮುಗಿಯಿತು.

ಆಗ ಏನಾಯಿತೆಂದು ನನಗೆ ತಿಳಿಯದು. ಎದ್ದು ನಿಂತಿದ್ದೆ. "ಟಚ್ ಕಣಯ್ಯಾ! ಕಣ್ ಕಾಣಲ್ವಾ ನಿಂಗೆ? ನನ್ ಮಗಳು ಮುಟ್ಟವ್ಳೆ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಜನರೆಲ್ಲ ತಿರುಗಿದರು. ನೀನೂ ತಿರುಗಿ ನೋಡಿದೆ.

ಆ ಹುಡುಗ ಕೊಟ್ಟ ತೀರ್ಪು ಸರಿ, ಅಕ್ಷತ. ನಿನ್ನ ಬೆರಳಿಗೂ ಅವಳಿಗೂ ಒಂದು ಗೇಣು ದೂರವಿತ್ತು. ನನಗೆ ಚೆನ್ನಾಗಿ ಕಂಡಿತ್ತು. ಆದರೂ ಇನ್ನೊಂದು ಸಲ ಕೂಗಿದೆ.

ನಿನ್ನ
ಅಪ್ಪ